ಮಿಷನ್ ಆಸ್ಪತ್ರೆಯ ಹೆರಿಗೆ ದಾಖಲೆ ಮತ್ತು ಶೂನ್ಯ ಪ್ರಾಕ್ಕಲ್ಪನೆ

ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಊರಿನವರ ಬಾಯಲ್ಲಿ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಹೆಸರು. 1906ರಲ್ಲಿ ಸ್ಥಾಪನೆಯಾದ ಈ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ 1934ರಿಂದ ನವಜಾತ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಮತ್ತು ತಾಯಿಯ ತೂಕವನ್ನು ಬರೆದಿಡುವ ಪದ್ಧತಿಯಿತ್ತು. ಬರೆದವರಿಗೆ ಅದು ದಿನನಿತ್ಯದ ಕೆಲಸವಷ್ಟೇ ಆಗಿದ್ದರೂ ಆರು ದಶಕಗಳ ಬಳಿಕ ಅದೇ ದಾಖಲೆ ವೈದ್ಯಶಾಸ್ತ್ರದ ಒಂದು ದೊಡ್ಡ ಪ್ರಶ್ನೆಗೆ ಸಾಕ್ಷಿಯಾಗಿ ಒದಗಿಬಂತು. ಹುಟ್ಟುವಾಗ ತೂಕ ಕಡಿಮೆಯಿದ್ದವರಿಗೆ ನಡುವಯಸ್ಸಿನಲ್ಲಿ ಹೃದ್ರೋಗ ಬರುವ ಸಾಧ್ಯತೆ ಹೆಚ್ಚೇ ಎಂಬುದು ಆ ಪ್ರಶ್ನೆ. ಇಂಥ ಪ್ರಶ್ನೆಗೆ ಅಂಕಿ-ಅಂಶಗಳಿಂದ ಉತ್ತರ ಪಡೆಯುವ ಕ್ರಮಬದ್ಧ ವಿಧಾನಕ್ಕೆ ಸಂಖ್ಯಾಶಾಸ್ತ್ರದಲ್ಲಿ ಪ್ರಾಕ್ಕಲ್ಪನೆಯ ಪರೀಕ್ಷೆ ಎಂದು ಹೆಸರು. ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಂಡವರು ಇದನ್ನು ಸೂತ್ರಗಳ ರೂಪದಲ್ಲಿ ಕಲಿಯುತ್ತಾರೆ, ಉಳಿದವರಲ್ಲಿ ಹೆಚ್ಚಿನವರು ಕಲಿಯುವುದೇ ಇಲ್ಲ. ಆದರೆ ಇದರ ಹಿಂದಿರುವ ವಿಚಾರ ಪ್ರೌಢಶಾಲೆಯ ವಿದ್ಯಾರ್ಥಿಗಳ ಅಳವಿಗೆ ಮೀರಿದ್ದಲ್ಲ.

ಪ್ರಶ್ನೆ ಮೊದಲು ಎದ್ದದ್ದು ಇಂಗ್ಲೆಂಡಿನಲ್ಲಿ. ಹರ್ಟ್‌ಫರ್ಡ್‌ಶೈರ್ ಎಂಬಲ್ಲಿ 1911ರಿಂದ 1930ರ ನಡುವೆ ಹುಟ್ಟಿದ 5,654 ಗಂಡಸರ ದಾಖಲೆಗಳನ್ನು ಶೋಧಿಸಿದ ಡೇವಿಡ್ ಬಾರ್ಕರ್ ಮತ್ತು ಅವರ ಸಂಗಡಿಗರು, ಶೈಶವದಲ್ಲಿ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗದಿಂದ ಸತ್ತವರ ಪ್ರಮಾಣ ಹೆಚ್ಚು ಎಂದು 1989ರಲ್ಲಿ ಪ್ರಕಟಿಸಿದರು. ಗರ್ಭದಲ್ಲಿ ಪೋಷಣೆ ಸಾಲದೆ ಬೆಳೆದ ಶಿಶುವಿನ ದೇಹ ಮುಂದಿನ ರೋಗಕ್ಕೆ ಅಲ್ಲಿಯೇ ಎಡೆಮಾಡಿಕೊಡುತ್ತದೆ ಎಂಬ ಈ ವಾದ ನಿಜವಾದರೆ, ಕಡಿಮೆ ತೂಕದ ಶಿಶುಗಳು ಹೆಚ್ಚಾಗಿ ಹುಟ್ಟುವ ಭಾರತಕ್ಕೆ ಅದರಷ್ಟು ಮುಖ್ಯವಾದ ವಾದ ಇನ್ನೊಂದಿಲ್ಲ. ಅದನ್ನು ಇಲ್ಲಿ ಪರೀಕ್ಷಿಸಲು ಹಳೆಯ ತೂಕದ ದಾಖಲೆ ಬೇಕಿತ್ತು, ಅದು ಮೈಸೂರಿನಲ್ಲಿತ್ತು. ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿ, ಆಸ್ಪತ್ರೆಯ ಸುತ್ತಮುತ್ತಲೇ ಬಾಳುತ್ತಿದ್ದ 517 ಗಂಡಸರು ಮತ್ತು ಹೆಂಗಸರನ್ನು ಹುಡುಕಿ ತಪಾಸಣೆ ಮಾಡಲಾಯಿತು. ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರಲ್ಲಿ 25 ಗಂಡಸರಿಗೆ ಮತ್ತು 27 ಹೆಂಗಸರಿಗೆ ಹೃದಯದ ರಕ್ತನಾಳಗಳ ರೋಗವಿತ್ತು. ಹುಟ್ಟುವಾಗ 7 ಪೌಂಡ್ (ಸುಮಾರು 3.2 ಕೆ.ಜಿ.) ಅಥವಾ ಹೆಚ್ಚು ತೂಗಿದ್ದವರಲ್ಲಿ ಶೇ. 3ರಷ್ಟು ಮಂದಿಗೆ ರೋಗವಿದ್ದರೆ, ಐದೂವರೆ ಪೌಂಡ್ (2.5 ಕೆ.ಜಿ.) ಅಥವಾ ಕಡಿಮೆ ತೂಗಿದ್ದವರಲ್ಲಿ ಅದು ಶೇ. 11ರಷ್ಟಿತ್ತು.

ಮೂರಕ್ಕೂ ಹನ್ನೊಂದಕ್ಕೂ ಇರುವ ಅಂತರ ದೊಡ್ಡದಾಗಿಯೇ ಕಾಣುತ್ತದೆ. ಆದರೆ ರೋಗವಿದ್ದವರು ಒಟ್ಟು 52 ಮಂದಿ ಮಾತ್ರ ಎಂಬುದನ್ನು ನೆನಪಿಟ್ಟರೆ ಒಂದು ಅನುಮಾನ ಏಳುತ್ತದೆ. ತೂಕಕ್ಕೂ ರೋಗಕ್ಕೂ ಯಾವ ಸಂಬಂಧವೂ ಇಲ್ಲದಿದ್ದು, ಈ 517 ಮಂದಿಯ ನಡುವೆ ರೋಗ ಹೀಗೆ ಹಂಚಿಹೋದದ್ದು ಬರೀ ಆಕಸ್ಮಿಕವಾಗಿರಬಾರದೇಕೆ? ಈ ಅನುಮಾನವನ್ನು ತಳ್ಳಿಹಾಕದೆ, ಅದಕ್ಕೆ ಮೊದಲ ಮಣೆ ಕೊಟ್ಟು ವಿಚಾರಣೆಯನ್ನು ಅಲ್ಲಿಂದಲೇ ಆರಂಭಿಸುವುದು ಈ ವಿಧಾನದ ವೈಶಿಷ್ಟ್ಯ.

ಯಾವ ಜನರ ಕುರಿತು ತಿಳಿಯಬೇಕಾಗಿದೆಯೋ ಆ ಇಡೀ ಗುಂಪನ್ನು ಸಮಷ್ಟಿ ಎಂದೂ, ಅದರಲ್ಲಿ ಪರಿಶೀಲನೆಗೆ ಸಿಕ್ಕ ಭಾಗವನ್ನು ಮಾದರಿ ಎಂದೂ ಕರೆಯುತ್ತಾರೆ. ಇಲ್ಲಿ 517 ಮಂದಿ ಮಾದರಿ. ಸಮಷ್ಟಿಯ ಬಗ್ಗೆ ಮುಂದಿಡುವ, ಅಂಕಿ-ಅಂಶಗಳಿಂದ ಪರೀಕ್ಷಿಸಬಹುದಾದ ಹೇಳಿಕೆಯೇ ಪ್ರಾಕ್ಕಲ್ಪನೆ. ‘ಸಂಬಂಧವಿಲ್ಲ, ವ್ಯತ್ಯಾಸವಿಲ್ಲ, ಕಂಡದ್ದೆಲ್ಲ ಆಕಸ್ಮಿಕ’ ಎನ್ನುವ ಹೇಳಿಕೆಗೆ ಶೂನ್ಯ ಪ್ರಾಕ್ಕಲ್ಪನೆ ಎಂದೂ, ಸಂಶೋಧಕರು ನಿಜವಿರಬಹುದೆಂದು ಶಂಕಿಸುವ ‘ಸಂಬಂಧವಿದೆ’ ಎನ್ನುವ ಹೇಳಿಕೆಗೆ ಪರ್ಯಾಯ ಪ್ರಾಕ್ಕಲ್ಪನೆ ಎಂದೂ ಹೆಸರು. ಪರೀಕ್ಷೆಗೆ ಗುರಿಯಾಗುವುದು ಶೂನ್ಯ ಪ್ರಾಕ್ಕಲ್ಪನೆಯೇ. 517 ಚೀಟಿಗಳಲ್ಲಿ ಜನ್ಮತೂಕಗಳನ್ನೂ ಇನ್ನು 517 ಚೀಟಿಗಳಲ್ಲಿ ‘ರೋಗವಿದೆ’ ಅಥವಾ ‘ಇಲ್ಲ’ ಎಂಬುದನ್ನೂ ಬರೆದು, ಎರಡನ್ನೂ ಚೆನ್ನಾಗಿ ಕಲಸಿ ಕಣ್ಣುಮುಚ್ಚಿ ಒಂದಕ್ಕೊಂದು ಜೋಡಿಸುತ್ತ ಹೋದರೆ ಸಿಗುವ ಪಟ್ಟಿಗಳೆಲ್ಲ ಶೂನ್ಯ ಪ್ರಾಕ್ಕಲ್ಪನೆಯ ಲೋಕದ ಪಟ್ಟಿಗಳು. ಹಾಗೆ ಸಾವಿರಾರು ಸಲ ಜೋಡಿಸಿದಾಗ, ನಿಜವಾಗಿ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ಅಂತರ ಎಷ್ಟು ಸಲ ತಾನಾಗಿಯೇ ಬಂದೀತು ಎಂಬುದೇ ಕೇಳಬೇಕಾದ ಪ್ರಶ್ನೆ. ಆ ಪ್ರಮಾಣಕ್ಕೆ ಪಿ-ಮೌಲ್ಯ ಎನ್ನುತ್ತಾರೆ.

ಹೃದ್ರೋಗದ ಲೆಕ್ಕ ಕೈಯಲ್ಲಿ ಮಾಡುವಷ್ಟು ಸುಲಭವಲ್ಲ. ಪಿ-ಮೌಲ್ಯವನ್ನು ಕಾಗದದ ಮೇಲೆ ಪೂರ್ತಿಯಾಗಿ ಕಂಡುಹಿಡಿಯಬಲ್ಲ ಒಂದು ಪರೀಕ್ಷೆಗೆ ಮೈಸೂರಿನಲ್ಲಿಯೇ ಇನ್ನೊಂದು ನೆಲೆಯಿದೆ. ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ, ಅಂದರೆ ಊರಿನವರು ಸಿ.ಎಫ್.ಟಿ.ಆರ್.ಐ. ಎನ್ನುವ ಸಂಸ್ಥೆಯಲ್ಲಿ, ಆಹಾರದ ರುಚಿ, ವಾಸನೆ, ಹದಗಳನ್ನು ಮನುಷ್ಯರ ನಾಲಗೆ-ಮೂಗುಗಳ ಮೂಲಕವೇ ಅಳೆಯುವ ಶಾಸ್ತ್ರದ ಕೆಲಸ ನಡೆಯುತ್ತದೆ. ಈ ಶಾಸ್ತ್ರ ಎಲ್ಲೆಡೆ ಬಳಸುವ ವಿಧಾನಗಳಲ್ಲಿ ತ್ರಿಕೋನ ಪರೀಕ್ಷೆ ಒಂದು. ಕಾಫಿಪುಡಿಯ ವ್ಯಾಪಾರಿಯೊಬ್ಬರು ಚಿಕೋರಿಯ ಪಾಲನ್ನು ಶೇ. 20ರಿಂದ 30ಕ್ಕೆ ಏರಿಸಬೇಕೆಂದಿದ್ದು, ಕುಡಿಯುವವರಿಗೆ ಅದು ಗೊತ್ತಾಗುತ್ತದೆಯೇ ಎಂದು ತಿಳಿಯಬಯಸುತ್ತಾರೆ ಎಂದಿಟ್ಟುಕೊಳ್ಳಬಹುದು. ಪ್ರತಿ ರುಚಿಗಾರರ ಮುಂದೆ ಮೂರು ಲೋಟಗಳನ್ನಿಡುತ್ತಾರೆ. ಎರಡರಲ್ಲಿ ಒಂದೇ ಕಾಫಿ, ಮೂರನೆಯದರಲ್ಲಿ ಬೇರೆಯದು. ಬೇರೆಯದನ್ನು ಗುರುತಿಸುವುದಷ್ಟೇ ಅವರ ಕೆಲಸ. ಲೋಟಗಳ ಮೇಲೆ ಅರ್ಥವಿಲ್ಲದ ಮೂರಂಕಿಯ ಸಂಖ್ಯೆಗಳಿರುತ್ತವೆ, ಇಡುವ ಕ್ರಮ ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ, ಬಣ್ಣದಿಂದ ಸುಳಿವು ಸಿಗಬಾರದೆಂದು ಕೆಂಪು ದೀಪ ಹಾಕುವುದೂ ಉಂಟು, ಒಂದು ಗುಟುಕಿಗೂ ಇನ್ನೊಂದಕ್ಕೂ ನಡುವೆ ನೀರಿನಿಂದ ಬಾಯಿ ಮುಕ್ಕಳಿಸಬೇಕು, ಪಕ್ಕದವರೊಡನೆ ಮಾತಾಡುವಂತಿಲ್ಲ. ಈ ಕಟ್ಟುಪಾಡುಗಳ ಉದ್ದೇಶ ಒಂದೇ: ಉತ್ತರ ಸರಿಯಾದರೆ ಅದಕ್ಕೆ ನಾಲಗೆ ಅಥವಾ ಅದೃಷ್ಟ, ಇವೆರಡನ್ನು ಬಿಟ್ಟು ಮೂರನೆಯ ಕಾರಣ ಇರಬಾರದು.

ಇಲ್ಲಿ ಶೂನ್ಯ ಪ್ರಾಕ್ಕಲ್ಪನೆಯೆಂದರೆ ‘ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ’ ಎಂಬುದು. ಅದು ನಿಜವಾದರೆ ಎಲ್ಲರೂ ಊಹಿಸಿ ಹೇಳುವವರೇ, ಹಾಗೆ ಊಹಿಸಿದವರ ಉತ್ತರ ಸರಿಯಾಗುವ ಸಂಭವನೀಯತೆ ಮೂರರಲ್ಲಿ ಒಂದು. ಹನ್ನೆರಡು ಮಂದಿ ರುಚಿ ನೋಡಿದರೆ ಸರಾಸರಿಯಲ್ಲಿ ನಾಲ್ವರ ಉತ್ತರ ಅದೃಷ್ಟದಿಂದಲೇ ಸರಿಯಾಗುತ್ತದೆ. ಈಗ ಏಳು ಮಂದಿ ಸರಿಯಾಗಿ ಹೇಳಿದರೆ? ಪ್ರತಿಯೊಬ್ಬರ ಎದುರೂ ಮೂರು ಆಯ್ಕೆಗಳಿರುವುದರಿಂದ ಹನ್ನೆರಡು ಮಂದಿಯ ಉತ್ತರಗಳು ಒಟ್ಟು 5,31,441 ವಿಧಗಳಲ್ಲಿ ಬರಬಹುದು. ಅವುಗಳಲ್ಲಿ ಏಳು ಅಥವಾ ಹೆಚ್ಚು ಉತ್ತರಗಳು ಸರಿಯಿರುವ ವಿಧಗಳು 35,313, ಅಂದರೆ ಶೇ. 6.6, ಎಂಟು ಅಥವಾ ಹೆಚ್ಚು ಸರಿಯಿರುವ ವಿಧಗಳು 9,969, ಅಂದರೆ ಶೇ. 1.9. ಇವೇ ಆಯಾ ಫಲಿತಾಂಶದ ಪಿ-ಮೌಲ್ಯಗಳು: ಏಳಕ್ಕೆ 0.066, ಎಂಟಕ್ಕೆ 0.019. ಸರಿಯಾಗಿ ಏಳು ಉತ್ತರ ಬರುವ ಸಂಭವವನ್ನಷ್ಟೇ ಎಣಿಸದೆ ‘ಏಳು ಅಥವಾ ಹೆಚ್ಚು’ ಎಂದು ಸೇರಿಸಿಕೊಳ್ಳುವುದೇಕೆಂದರೆ, ಏಳು ಶೂನ್ಯ ಪ್ರಾಕ್ಕಲ್ಪನೆಯ ವಿರುದ್ಧ ಸಾಕ್ಷಿಯಾಗುವುದಾದರೆ ಎಂಟು, ಒಂಬತ್ತು, ಹತ್ತು ಇನ್ನೂ ಬಲವಾದ ಸಾಕ್ಷಿಗಳಾಗುತ್ತವೆ.

ಪಿ-ಮೌಲ್ಯ ಎಷ್ಟು ಚಿಕ್ಕದಾದರೆ ಶೂನ್ಯ ಪ್ರಾಕ್ಕಲ್ಪನೆಯನ್ನು ಕೈಬಿಡಬೇಕು ಎಂಬ ಗೆರೆಯನ್ನು ಪ್ರಯೋಗಕ್ಕೆ ಮುಂಚೆಯೇ ಎಳೆಯಬೇಕು. ಆ ಗೆರೆಗೆ ಸಾರ್ಥಕತಾ ಮಟ್ಟ ಎನ್ನುತ್ತಾರೆ. ಬಹುತೇಕ ಕ್ಷೇತ್ರಗಳಲ್ಲಿ ಅದು ಶೇ. 5, ಅಂದರೆ 0.05. ಅದರ ಪ್ರಕಾರ ಎಂಟು ಸರಿ ಉತ್ತರಗಳು ಬಂದರೆ ಚಿಕೋರಿಯ ವ್ಯತ್ಯಾಸ ಗೊತ್ತಾಗುತ್ತದೆಂದು ತೀರ್ಮಾನಿಸಬಹುದು, ಏಳು ಬಂದರೆ ಸಾಲದು. ಈ 0.05ಕ್ಕೆ ಪ್ರಕೃತಿಯ ಯಾವ ನಿಯಮವೂ ಆಧಾರವಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್ 1925ರ ತಮ್ಮ ಪುಸ್ತಕದಲ್ಲಿ ಇದೊಂದು ಅನುಕೂಲಕರ ಗೆರೆಯೆಂದು ಸೂಚಿಸಿದರು, ಮುಂದೆ ಅದೇ ರೂಢಿಯಾಯಿತು. ರುಚಿಯ ಪರೀಕ್ಷೆಯಿಂದ ಈ ಶಾಸ್ತ್ರವನ್ನು ವಿವರಿಸಿದ ಮೊದಲಿಗರೂ ಅವರೇ. ಲೋಟಕ್ಕೆ ಮೊದಲು ಸುರಿದದ್ದು ಹಾಲೋ ಚಹಾವೋ ಎಂದು ಕುಡಿದು ಹೇಳಬಲ್ಲೆನೆಂದ ಸಹೋದ್ಯೋಗಿ ಮಹಿಳೆಯೊಬ್ಬರ ಮುಂದೆ ಎಂಟು ಲೋಟಗಳನ್ನು, ನಾಲ್ಕು ಹೀಗೆ ನಾಲ್ಕು ಹಾಗೆ, ಇಡುವ ಪ್ರಯೋಗವನ್ನು ಅವರು 1935ರ ಪುಸ್ತಕದಲ್ಲಿ ಚರ್ಚಿಸಿದ್ದಾರೆ. ಎಂಟರಲ್ಲಿ ನಾಲ್ಕನ್ನು 70 ವಿಧಗಳಲ್ಲಿ ಆಯಬಹುದಾದ್ದರಿಂದ ಎಲ್ಲವನ್ನೂ ಅದೃಷ್ಟದಿಂದಲೇ ಸರಿಯಾಗಿ ಹೇಳುವ ಸಂಭವ ಎಪ್ಪತ್ತರಲ್ಲಿ ಒಂದು ಮಾತ್ರ.

ಈ ತಿಳಿವಳಿಕೆಯೊಡನೆ ಮಿಷನ್ ಆಸ್ಪತ್ರೆಯ ಅಂಕಿಗಳತ್ತ ಮರಳಿದರೆ, ಶೇ. 3ರಿಂದ ಶೇ. 11ರವರೆಗಿನ ಏರಿಕೆಯ ಪಿ-ಮೌಲ್ಯ 0.09 ಎಂದು ಸಂಶೋಧಕರು ವರದಿ ಮಾಡಿದ್ದರು. ಅಂದರೆ ತೂಕಕ್ಕೂ ರೋಗಕ್ಕೂ ನಂಟೇ ಇಲ್ಲದ ಲೋಕದಲ್ಲಿಯೂ ಇಂಥ ಏರಿಕೆ ನೂರಕ್ಕೆ ಒಂಬತ್ತು ಸಲ ಕಾಣಿಸಿಕೊಳ್ಳಬಹುದು. ಶೇ. 5ರ ಗೆರೆಯನ್ನು ಅದು ದಾಟಲಿಲ್ಲ. 45 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟವರನ್ನು ಮಾತ್ರ ಗಣಿಸಿದಾಗ ಏರಿಕೆ ಇನ್ನಷ್ಟು ಕಡಿದಾಗಿ, ಪಿ-ಮೌಲ್ಯ 0.03ಕ್ಕೆ ಇಳಿಯಿತು. ಹೃದ್ರೋಗ ವಯಸ್ಸಾದಂತೆ ಪ್ರಕಟವಾಗುವಂಥದಾದ್ದರಿಂದ ವಯಸ್ಸಾದವರಲ್ಲಿ ನಂಟು ಸ್ಪಷ್ಟವಾಗಿ ಕಾಣುವುದು ಸಹಜವೇ. ಆದರೂ ಇಡೀ ಗುಂಪಿನಲ್ಲಿ ಗೆರೆ ದಾಟದ ಫಲಿತಾಂಶ ಅದರ ಒಂದು ಭಾಗದಲ್ಲಿ ದಾಟಿದಾಗ ಓದುಗರು ಸ್ವಲ್ಪ ಹೆಚ್ಚು ಎಚ್ಚರ ವಹಿಸಬೇಕಾಗುತ್ತದೆ. ಈ ಅಧ್ಯಯನದ ಮಟ್ಟಿಗೆ ಸಮಾಧಾನದ ಸಂಗತಿಯೆಂದರೆ, ಪ್ರಾಕ್ಕಲ್ಪನೆ ಮೈಸೂರಿನ ಅಂಕಿಗಳನ್ನು ಕಂಡ ಮೇಲೆ ಹೊಳೆದದ್ದಲ್ಲ, ಹರ್ಟ್‌ಫರ್ಡ್‌ಶೈರಿನಿಂದ ಮೊದಲೇ ಸಿದ್ಧವಾಗಿ ಬಂದಿತ್ತು.

ಪಿ-ಮೌಲ್ಯ 0.09 ಎಂದರೆ ‘ಸಂಬಂಧವಿಲ್ಲ ಎನ್ನುವುದು ನಿಜವಾಗಿರುವ ಸಂಭವ ಶೇ. 9’ ಎಂದು ಓದುವುದು ಬಹಳ ಸಾಮಾನ್ಯವಾದ ತಪ್ಪು, ಓದಿದವರೂ ಮಾಡುವ ತಪ್ಪು. ಸಂಬಂಧವಿಲ್ಲ ಎಂದು ಒಪ್ಪಿಕೊಂಡ ಮೇಲೆ ಅಂಕಿಗಳು ಹೀಗೆ ಬರುವ ಸಂಭವವನ್ನು ಅದು ಹೇಳುತ್ತದೆ. ಅಂಕಿಗಳು ಹೀಗೆ ಬಂದ ಮೇಲೆ ಸಂಬಂಧವಿಲ್ಲದಿರುವ ಸಂಭವವನ್ನು ಹೇಳುವುದಿಲ್ಲ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಪಿ-ಮೌಲ್ಯದ ಬಳಕೆಯ ಬಗ್ಗೆ ಪ್ರತ್ಯೇಕ ಹೇಳಿಕೆಯನ್ನೇ ಹೊರಡಿಸಬೇಕಾಗಿ ಬಂತೆಂಬುದರಿಂದ ಈ ಗೊಂದಲ ಎಷ್ಟು ಆಳವಾಗಿದೆಯೆಂದು ತಿಳಿಯುತ್ತದೆ.

ಗೆರೆಯೊಂದನ್ನು ಎಳೆದು ತೀರ್ಮಾನಿಸುವ ವಿಧಾನದಲ್ಲಿ ಎರಡು ಬಗೆಯ ದೋಷಗಳಿಗೆ ಅವಕಾಶವಿದೆ. ವ್ಯತ್ಯಾಸವಿಲ್ಲದಿದ್ದರೂ ಇದೆಯೆಂದು ಸಾರುವುದು ಮೊದಲ ಬಗೆಯ ದೋಷ. ವ್ಯತ್ಯಾಸವಿದ್ದರೂ ಅದನ್ನು ಕಾಣದೆ ಹೋಗುವುದು ಎರಡನೆಯ ಬಗೆಯ ದೋಷ. ಈ ವಿಂಗಡಣೆಯನ್ನು ಶಾಸ್ತ್ರಬದ್ಧವಾಗಿ ಬೆಳೆಸಿದವರು ಜೆರ್ಜಿ ನೇಮನ್ ಮತ್ತು ಈಗನ್ ಪಿಯರ್ಸನ್. ಅವರ ಪ್ರಸಿದ್ಧ ಪ್ರಬಂಧ 1933ರದು. ಸಾರ್ಥಕತಾ ಮಟ್ಟ ಮೊದಲ ದೋಷಕ್ಕೆ ಕಡಿವಾಣ ಹಾಕುತ್ತದೆ, ಎರಡನೆಯದನ್ನು ಅದು ತಡೆಯುವುದಿಲ್ಲ. ಕಾಫಿಯ ಪರೀಕ್ಷೆಯಲ್ಲಿ ರುಚಿಗಾರರಿಗೆ ನಿಜವಾಗಿಯೂ ವ್ಯತ್ಯಾಸ ತುಸು ಗೊತ್ತಾಗುತ್ತಿದ್ದು, ಸರಿಯಾಗಿ ಹೇಳುವ ಸಂಭವ ಮೂರರಲ್ಲಿ ಒಂದರ ಬದಲು ಎರಡರಲ್ಲಿ ಒಂದಾಗಿದ್ದರೆ, ಹನ್ನೆರಡು ಮಂದಿಯಲ್ಲಿ ಎಂಟು ಅಥವಾ ಹೆಚ್ಚು ಸರಿ ಉತ್ತರಗಳು ಬರುವ ಸಂಭವ ಶೇ. 19 ಮಾತ್ರ. ಅಂದರೆ ಐದರಲ್ಲಿ ನಾಲ್ಕು ಸಲ ಪರೀಕ್ಷೆ ಇರುವ ವ್ಯತ್ಯಾಸವನ್ನೇ ಕಾಣದೆ ಹೋಗುತ್ತದೆ. ಅದರ ಬದಲು 48 ಮಂದಿಯನ್ನು ಕೂರಿಸಿದರೆ ಗೆರೆ 22 ಸರಿ ಉತ್ತರಗಳಿಗೆ ಬರುತ್ತದೆ, ಮತ್ತು ಅದೇ ವ್ಯತ್ಯಾಸ ಸುಮಾರು ನಾಲ್ಕರಲ್ಲಿ ಮೂರು ಸಲ ಸಿಕ್ಕಿಬೀಳುತ್ತದೆ. ಪರೀಕ್ಷೆಯ ಈ ಸಾಮರ್ಥ್ಯವನ್ನು ಅದರ ಬಲ ಎನ್ನುತ್ತಾರೆ. ‘ಪರಿಣಾಮ ಕಂಡುಬಂದಿಲ್ಲ’ ಎಂಬ ವಾಕ್ಯ ಎದುರಾದಾಗ ಪರಿಣಾಮವೇ ಇಲ್ಲವೋ ಅಥವಾ ಕಾಣುವಷ್ಟು ದೊಡ್ಡ ಮಾದರಿ ಇರಲಿಲ್ಲವೋ ಎಂದು ಕೇಳದೆ ಮುಂದೆ ಹೋಗಬಾರದು.

ಈ ಶಾಸ್ತ್ರದ ಕಟ್ಟಡಕ್ಕೆ ಕರ್ನಾಟಕದ ನೆಲದಲ್ಲಿ ಹುಟ್ಟಿದವರೊಬ್ಬರ ಕಾಣಿಕೆಯೂ ಸೇರಿದೆ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಕೇಂಬ್ರಿಜ್‌ನಲ್ಲಿ ಫಿಶರ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದವರು. 1948ರ ಪ್ರಬಂಧದಲ್ಲಿ ಅವರು ಮಂಡಿಸಿದ ಸ್ಕೋರ್ ಪರೀಕ್ಷೆ ಪ್ರಾಕ್ಕಲ್ಪನೆಗಳನ್ನು ಪರೀಕ್ಷಿಸುವ ಮೂಲಭೂತ ವಿಧಾನಗಳಲ್ಲಿ ಒಂದಾಗಿ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅವರಿಗೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದಿತು, ಅದೇ ವರ್ಷದ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.

ಮೈಸೂರಿನ ಕಥೆಯಲ್ಲಿ ಅತ್ಯಂತ ಬೆಲೆಬಾಳುವ ಅಧ್ಯಾಯ, ಪ್ರಾಕ್ಕಲ್ಪನೆ ಗೆದ್ದದ್ದಲ್ಲ, ಸೋತದ್ದು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಎಂದು ಪಾಶ್ಚಾತ್ಯ ದೇಶಗಳಲ್ಲಿ ಕಂಡಿತ್ತು. ಮೈಸೂರಿನಲ್ಲಿಯೂ ಹಾಗೆಯೇ ಕಾಣುವುದೆಂಬ ನಿರೀಕ್ಷೆಯಿತ್ತು. ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ 506 ಮಂದಿಯನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಆಗಿತ್ತು. ಅವರಲ್ಲಿ ಶೇ. 15ರಷ್ಟು ಮಂದಿಗೆ ಸಕ್ಕರೆ ಕಾಯಿಲೆಯಿತ್ತು, ಆದರೆ ಅದು ಕಡಿಮೆ ಜನ್ಮತೂಕದೊಂದಿಗೆ ತಾಳೆಯಾಗಲಿಲ್ಲ. ಹುಟ್ಟುವಾಗ ಉದ್ದ ಕಡಿಮೆಯಿದ್ದು ಉದ್ದದ ಲೆಕ್ಕದಲ್ಲಿ ಮೈತುಂಬಿಕೊಂಡಿದ್ದವರಲ್ಲಿ, ಹೆಚ್ಚು ತೂಕದ ತಾಯಂದಿರಿಗೆ ಹುಟ್ಟಿದವರಲ್ಲಿ ಕಾಯಿಲೆ ಹೆಚ್ಚಿತ್ತು. ನಿರೀಕ್ಷೆಗೆ ಹೊಂದದ ಅಂಕಿಗಳನ್ನು ಬದಿಗೊತ್ತುವುದು ಸುಲಭವಿತ್ತು. ಸಂಶೋಧಕರು ಹಾಗೆ ಮಾಡದೆ, ಬಸುರಿಯಾಗಿದ್ದಾಗ ತಾಯಿಯ ರಕ್ತದಲ್ಲಿ ಸಕ್ಕರೆ ಏರಿದ್ದುದೇ ಇದಕ್ಕೆ ಕಾರಣವಿರಬಹುದೇ ಎಂಬ ಹೊಸ ಪ್ರಾಕ್ಕಲ್ಪನೆಯನ್ನು ಕಟ್ಟಿದರು. ಹಳೆಯ ದಾಖಲೆಗಳಲ್ಲಿ ತಾಯಂದಿರ ಸಕ್ಕರೆಯ ಅಳತೆ ಇಲ್ಲದ್ದರಿಂದ ಅದನ್ನು ಅದೇ ಅಂಕಿಗಳಿಂದ ಪರೀಕ್ಷಿಸುವಂತಿರಲಿಲ್ಲ. ಹೊಸ ಪ್ರಾಕ್ಕಲ್ಪನೆಗೆ ಹೊಸ ಅಂಕಿಗಳೇ ಬೇಕು. ಒಂದು ಮಾದರಿಯಲ್ಲಿ ಹೊಳೆದದ್ದನ್ನು ಅದೇ ಮಾದರಿಯಿಂದ ಸಾಧಿಸಹೊರಟರೆ ಅದು ಪರೀಕ್ಷೆಯೆನಿಸದು. ಹಾಗಾಗಿ 1997-98ರಲ್ಲಿ ಅದೇ ಆಸ್ಪತ್ರೆಗೆ ಬರುತ್ತಿದ್ದ ಗರ್ಭಿಣಿಯರನ್ನು ಸೇರಿಸಿಕೊಂಡು ‘ಮೈಸೂರು ಪಾರ್ಥೆನಾನ್ ಅಧ್ಯಯನ’ ಆರಂಭವಾಯಿತು. ಸುಮಾರು ಮೂವತ್ತನೆಯ ವಾರದಲ್ಲಿ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷಿಸಿದಾಗ ಶೇ. 6.2ರಷ್ಟು ಮಂದಿಗೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ಅಧ್ಯಯನಕ್ಕೆ ಸೇರಿದ ತಾಯಂದಿರ ಮಕ್ಕಳನ್ನು ಬಾಲ್ಯದುದ್ದಕ್ಕೂ ಮತ್ತೆ ಮತ್ತೆ ಕರೆಸಿ ಅಳೆಯಲಾಯಿತು. ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷದ ಹೊತ್ತಿಗೇ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವ ಲಕ್ಷಣ ಹೆಚ್ಚಾಗಿ ಕಂಡಿತು.

ಇಷ್ಟರಿಂದ ಕಾರಣವೇ ಸಿಕ್ಕಿತೆಂದು ಹೇಳಲಾಗದು. ಬಡತನ, ಆಹಾರ, ಆನುವಂಶಿಕತೆ ಇವೆಲ್ಲ ತಾಯಿಯ ತೂಕವನ್ನೂ ಮಗುವಿನ ತೂಕವನ್ನೂ ಮುಂದಿನ ರೋಗವನ್ನೂ ಏಕಕಾಲಕ್ಕೆ ತಟ್ಟಬಹುದು. ಪಿ-ಮೌಲ್ಯ ಎಷ್ಟೇ ಚಿಕ್ಕದಾದರೂ ಅದು ಆಕಸ್ಮಿಕವನ್ನು ಮಾತ್ರ ಪಕ್ಕಕ್ಕೆ ಸರಿಸುತ್ತದೆ. ಮಾದರಿಯಲ್ಲಿ ಸಿಕ್ಕವರು ಬದುಕುಳಿದು ಮೈಸೂರಿನಲ್ಲಿಯೇ ನೆಲೆ ನಿಂತವರು, ಎಳವೆಯಲ್ಲಿ ತೀರಿಕೊಂಡವರು ಮತ್ತು ಊರು ಬಿಟ್ಟವರು ಅದರಲ್ಲಿಲ್ಲ ಎಂಬುದೂ ಲೆಕ್ಕಕ್ಕೆ ಬರಬೇಕು. ಇನ್ನೊಂದು ಅಪಾಯ ಸಂಖ್ಯೆಯದು. ಯಾವ ಸಂಬಂಧವೂ ಇಲ್ಲದ ಇಪ್ಪತ್ತು ವಿಷಯಗಳನ್ನು ಶೇ. 5ರ ಗೆರೆಯಲ್ಲಿ ಒಂದೊಂದಾಗಿ ಪರೀಕ್ಷಿಸಿದರೆ ಒಂದಾದರೂ ಗೆರೆ ದಾಟುವ ಸಂಭವ ಶೇ. 64. ಆ ಒಂದೇ ವಿಷಯ ಮರುದಿನದ ಸುದ್ದಿಯ ತಲೆಬರಹವಾಗುತ್ತದೆ, ಉಳಿದ ಹತ್ತೊಂಬತ್ತರ ಮಾತು ಯಾರಿಗೂ ತಿಳಿಯುವುದಿಲ್ಲ. ಯಾವುದೋ ಸೊಪ್ಪು ಯಾವುದೋ ರೋಗವನ್ನು ತಡೆಯುತ್ತದೆಂದು ವಿಜ್ಞಾನಿಗಳು ಸಾಬೀತು ಮಾಡಿದರೆಂಬ ವರದಿಗಳನ್ನು ಓದುವಾಗ, ಎಷ್ಟು ಜನರನ್ನು ಪರೀಕ್ಷಿಸಿದರು ಎಂಬುದರ ಜೊತೆಗೆ ಎಷ್ಟು ವಿಷಯಗಳನ್ನು ಪರೀಕ್ಷಿಸಿದರು ಎಂದೂ ಕೇಳುವುದು ಓದುಗರ ಹಕ್ಕು.

ಹತ್ತನೆಯ ತರಗತಿಯ ಗಣಿತದಲ್ಲಿ ಸರಾಸರಿ, ಮಧ್ಯಾಂಕ, ಬಹುಲಕಗಳಿಗೆ ಒಂದು ಪಾಠವಿದೆ, ಸಂಭವನೀಯತೆಗೆ ಇನ್ನೊಂದು. ಎರಡನ್ನೂ ಬೆಸೆಯುವ ಈ ವಿಚಾರಕ್ಕೆ ಮಾತ್ರ ಜಾಗವಿಲ್ಲ. ಪಠ್ಯ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಹನ್ನೆರಡು ವಿದ್ಯಾರ್ಥಿಗಳು, ತಲಾ ಮೂರು ಲೋಟ, ಸಕ್ಕರೆಯ ಪ್ರಮಾಣ ತುಸು ಬೇರೆಯಿರುವ ಎರಡು ಬಗೆಯ ನಿಂಬೆ ಪಾನಕ, ಕಣ್ಣಿಗೆ ಕಟ್ಟಲು ಒಂದೊಂದು ಬಟ್ಟೆ, ಒಂದು ಪೀರಿಯಡ್ಡಿನ ಸಮಯ ಇದ್ದರೆ ತ್ರಿಕೋನ ಪರೀಕ್ಷೆಯನ್ನು ಯಾವ ಶಾಲೆಯಲ್ಲಾದರೂ ನಡೆಸಬಹುದು. ಎಷ್ಟು ಉತ್ತರ ಸರಿಯಾದರೆ ಒಪ್ಪುವುದೆಂದು ಲೋಟ ತುಂಬುವ ಮುಂಚೆಯೇ ಕಪ್ಪುಹಲಗೆಯ ಮೇಲೆ ಬರೆದು, ಬಂದ ಫಲಿತಾಂಶ ಏಳಾದರೂ ಎಂಟಾದರೂ ಅದನ್ನು ಇದ್ದಂತೆಯೇ ವಿದ್ಯಾರ್ಥಿಗಳ ಮುಂದಿಡಬೇಕೆಂದು ಗಣಿತದ ಶಿಕ್ಷಕರಲ್ಲಿ ವಿನಂತಿ.